ಅಕ್ಕಾ, ಸಿನಾಪ್ಸಿಸ್ ಎಷ್ಟು ಪುಟ?

ಹೋದ ತಿಂಗಳು ನಮ್ಮ ದಿಬ್ಬೂರಹಳ್ಳಿ ಕಡೆಯ ಹುಡುಗಿಯೊಬ್ಬಳು ವಾಟ್ಸಾಪಿನಲ್ಲಿ ಕೇಳಿದಳು: "ಅಕ್ಕಾ, ಪಿಎಚ್‌ಡಿಗೆ ಸಿನಾಪ್ಸಿಸ್ ಅಂದ್ರೆ ಎಷ್ಟು ಪುಟ ಬರೀಬೇಕು?" ಕ್ಲಾಸಿಗೆ ಹೊರಟಿದ್ದೆ. "ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಕೇಳು, ಹೇಳ್ತಾರೆ" ಎಂದು ಬರೆದು ಫೋನು ಚೀಲಕ್ಕೆ ಹಾಕಿದೆ.

ಪಾಠದ ಮಧ್ಯೆ ನೆನಪಾಯಿತು. ಇದೇ ಮಾತನ್ನು ನನಗೂ ಒಬ್ಬರು ಹೇಳಿದ್ದರು. ನಾನು ಕೇಳಿರಲಿಲ್ಲ. ಬಾಗಿಲ ತನಕ ಹೋಗಿ, ಒಳಗೆ ನಾಲ್ಕು ಜನ ಕಾಫಿ ಕುಡಿಯುತ್ತ ಕೂತಿದ್ದನ್ನು ನೋಡಿ ವಾಪಸು ಬಂದಿದ್ದೆ. ಊರಲ್ಲಿ ಹುಳು ಹಣ್ಣಾಗಿತ್ತು, ಚಂದ್ರಿಕೆಗೆ ಬಿಡಲು ಕೈ ಸಾಲದೆಂದು ಅಮ್ಮ ಕರೆಸಿಕೊಂಡಳು. ನನಗೊಂದು ನೆಪ ಸಿಕ್ಕಿತು. ಆ ವರ್ಷ ಅರ್ಜಿ ಹಾಕಲೇ ಇಲ್ಲ. ಕೇರಿಯಿಂದ ಮೊದಲು ಎಂ.ಎ. ಮಾಡಿದವಳು ಎಂದು ಊರಲ್ಲಿ ಹಾರ ಹಾಕಿದ್ದರು. ಅರ್ಜಿ ಹಾಕಲು ಹೆದರಿದೆ ಎಂದು ಅವರಿಗೆ ಹೇಗೆ ಹೇಳುವುದು?

ಮರುವರ್ಷ ಸಿಕ್ಕವರು ಮೇಡಂ. ಅವರು ನನ್ನ ಗೈಡ್ ಅಲ್ಲ, ನನ್ನ ವಿಶ್ವವಿದ್ಯಾಲಯದವರೂ ಅಲ್ಲ. ಲೈಬ್ರರಿಯಲ್ಲಿ ಪಕ್ಕದ ಕುರ್ಚಿಯವರು, ಅಷ್ಟೆ. ನನ್ನ ಆರು ಪುಟ ಓದಿ ಮೊದಲ ಮೂರಕ್ಕೆ ಅಡ್ಡಗೆರೆ ಎಳೆದರು. ವೇದಕಾಲದಿಂದ ಭಕ್ತಿ ಹೇಗೆ ಬೆಳೆಯಿತು ಎಂದು ಬರೆದ ಪುಟಗಳು ಅವು.

"ಇದನ್ನ ಎಲ್ಲರೂ ಬರೀತಾರಮ್ಮ. ನಿಮ್ಮ ಮನೇಲಿ ಏನು ಹಾಡ್ತಾರೆ?"

ನಾಚಿಕೆಯಾಯಿತು. ನಮ್ಮ ಮನೆಮಾತು ತೆಲುಗು. ಅಜ್ಜಿ ಸೊಪ್ಪು ಕತ್ತರಿಸುತ್ತ ಹಾಡುತ್ತಿದ್ದದ್ದು ಕೈವಾರ ತಾತಯ್ಯನ ತೆಲುಗು ಪದಗಳು. ಕನ್ನಡ ವಿಭಾಗದಲ್ಲಿ ಅದನ್ನು ಬಾಯಿಬಿಡದೆ ಎರಡು ವರ್ಷ ಕಳೆದಿದ್ದೆ. ತಾತಯ್ಯ ಎರಡೂ ಭಾಷೆಯಲ್ಲಿ ಪದ ಕಟ್ಟಿದವರು. ನಮ್ಮ ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿ ಅವರ ತೆಲುಗು ಪದಗಳು ಕನ್ನಡ ಅಕ್ಷರದಲ್ಲಿದ್ದವು. ಮೇಡಂ ಆ ನೋಟ್‌ಬುಕ್ ತರಿಸಿಕೊಂಡು ನೋಡಿದರು. ಅದೇ ನನ್ನ ವಿಷಯವಾಯಿತು.

ಸಿದ್ಧಲಿಂಗಯ್ಯನವರ 'ಊರು-ಕೇರಿ' ಓದಲು ಕೊಟ್ಟವರೂ ಅವರೇ. 1975ರಲ್ಲಿ 'ಹೊಲೆಮಾದಿಗರ ಹಾಡು' ತಂದ ಕವಿ ಸಂಶೋಧನೆಗೆ ಹಿಡಿದದ್ದು ಗ್ರಾಮದೇವತೆಗಳನ್ನು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅವರಿಗೆ ಜಿ.ಎಸ್. ಶಿವರುದ್ರಪ್ಪನವರಂಥ ಮೇಷ್ಟ್ರಿದ್ದರು, ಆ ಜಿಎಸ್ಎಸ್ ಅವರಿಗೆ ಮೈಸೂರಿನಲ್ಲಿ ಕುವೆಂಪು ಇದ್ದರು. ಈ ಸಾಲನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಸಾಲಿನ ಹೊರಗೆ, ಬಾಗಿಲ ಬಳಿ ನಿಂತು ವಾಪಸು ಹೋದವರ ಲೆಕ್ಕ ಯಾರೂ ಇಟ್ಟಿಲ್ಲ.

ಮೇಡಂ ಹೇಳಿಕೊಟ್ಟದ್ದರಲ್ಲಿ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಗೈಡ್ ಆಗಿ ಎಂದು ಕೇಳುವ ಪತ್ರ ಹೇಗೆ ಬರೆಯುವುದು, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಯಾವಾಗಲೇ ಹೋಗಿಟ್ಟುಕೊಳ್ಳುವುದು, ಸೆಮಿನಾರಿನಲ್ಲಿ ಮೊದಲ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಓದುವುದು. ಮೇಷ್ಟ್ರ ಮಕ್ಕಳಿಗೆ ಇದೆಲ್ಲ ಊಟದ ಹೊತ್ತಿಗೆ ಕಿವಿಗೆ ಬಿದ್ದಿರುತ್ತದೆ. ನಮ್ಮ ಊಟದ ಹೊತ್ತಿನ ಮಾತು ಶಿಡ್ಲಘಟ್ಟದಲ್ಲಿ ಗೂಡಿನ ರೇಟು ಎಷ್ಟಾಯಿತು ಎಂಬುದು.

ಕ್ಲಾಸು ಮುಗಿಸಿ ಹುಡುಗಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೂರನೇ ದಿನ ಎತ್ತಿ, "ಬಿಡಿ ಅಕ್ಕಾ, ಬಿ.ಎಡ್‌ಗೇ ಹಾಕ್ತೀನಿ" ಅಂದಳು.

"ಹಾಕು, ಬೇಡ ಅನ್ನಲ್ಲ. ಮೊದಲು ನಿಮ್ಮ ಮನೇಲಿ ಏನು ಹಾಡ್ತಾರೆ ಹೇಳು."

"ನಮ್ಮನೇಲಿ ಯಾರೂ ಹಾಡಲ್ಲಕ್ಕಾ, ಟಿ.ವಿ. ಹಾಕ್ತಾರೆ," ಎಂದು ನಕ್ಕಳು. ಆಮೇಲೆ ತಾನಾಗಿಯೇ ಹೇಳಿದಳು: ಗೂಡಿನ ಮಾರ್ಕೆಟ್ಟಿಗೆ ಅಪ್ಪನ ಜೊತೆ ಹೋಗುತ್ತಾಳಂತೆ, ಅಲ್ಲಿ ರೈತರು, ರೀಲರುಗಳು ತೆಲುಗು, ಕನ್ನಡ, ಉರ್ದು ಕಲಸಿ ಮಾತಾಡುವುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾಳಂತೆ. ಅರ್ಜಿಗೆ ಇನ್ನೂ ಒಂಬತ್ತು ದಿನ ಇತ್ತು. ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ, ಪುಸ್ತಕ ತೆಗೆದಿಟ್ಟಿರು ಅಂದೆ.