ಠಾಣೆಯ ಕೋಟೆಗೆ ಒಡೆಯರೆಷ್ಟು ಮಂದಿ?

ದೀಪಾವಳಿಗೆ ಬಂದಿದ್ದ ಧಾರವಾಡದ ಭಾವನವರನ್ನು ನಾನು ಜೈಲಿಗೆ ಕರೆದುಕೊಂಡು ಹೋದೆ. ವಾಚಕರು ಗಾಬರಿಯಾಗಬಾರದು, ಹೊರಗಿನಿಂದ ತೋರಿಸುವುದಕ್ಕಷ್ಟೆ! ಕೋರ್ಟ್ ನಾಕಾದ ಬಳಿಯ ಠಾಣೆ ಮಧ್ಯವರ್ತಿ ಜೈಲೆಂದರೆ ಹಳೆಯ ಕೋಟೆಯೇ. ಕಚೇರಿಗೆ ಹೋಗುವ ದಾರಿಯಲ್ಲಿ ದಿನವೂ ಅದರ ಗೋಡೆಯನ್ನು ಕಾಣುವ ನನಗೂ ಇದು ಬಹಳ ವರ್ಷ ತಿಳಿದಿರಲಿಲ್ಲ.

ಕಟ್ಟಲು ಹೊರಟವರು ಪೋರ್ಚುಗೀಸರು. ಕೆಲಸ ಮುಗಿಯುವ ಮೊದಲೇ, 1737ರಲ್ಲಿ, ಚಿಮಾಜಿ ಅಪ್ಪನ ದಂಡಯಾತ್ರೆಯಲ್ಲಿ ಅದು ಮರಾಠರ ಕೈಸೇರಿತು. ಮನೆ ಕಟ್ಟಿದವರೊಬ್ಬರು, ಗೃಹಪ್ರವೇಶ ಮಾಡಿದವರು ಇನ್ನೊಬ್ಬರು! 1774ರ ಡಿಸೆಂಬರಿನಲ್ಲಿ ಇಂಗ್ಲಿಷರು ಮುತ್ತಿ ಹಿಡಿದರು. 1782ರ ಸಾಲ್ಬಾಯಿ ಒಪ್ಪಂದದಿಂದ ಸಾಷ್ಟಿ ದ್ವೀಪವೇ ಅವರದಾಯಿತು.

ಪೇಶ್ವೆ ಎರಡನೆಯ ಬಾಜೀರಾಯನ ಆಪ್ತ ತ್ರ್ಯಂಬಕಜಿ ಡೇಂಗಳೆಯನ್ನು ಗಂಗಾಧರ ಶಾಸ್ತ್ರಿಗಳ ಕೊಲೆಯ ಆರೋಪದ ಮೇಲೆ ಇಲ್ಲಿಯೇ ಸೆರೆಯಿಟ್ಟಿದ್ದರು. ಕಾವಲಿಗೆ ಬಿಳಿಯ ಸಿಪಾಯಿಗಳು, ದೇಶೀಯರನ್ನು ನಂಬುವಂತಿರಲಿಲ್ಲ. ಕಿಟಕಿಯ ಕೆಳಗೆ ಒಬ್ಬ ಕುದುರೆಯಾಳು ಕುದುರೆ ಉಜ್ಜುತ್ತ ಮರಾಠಿಯಲ್ಲಿ ಹಾಡುತ್ತಿದ್ದನಂತೆ. ಗೆಳೆಯರು ಎಲ್ಲಿ ಅಡಗಿದ್ದಾರೆ, ಕುದುರೆ ಎಲ್ಲಿ ನಿಂತಿದೆ ಎಂಬುದೆಲ್ಲ ಆ ಹಾಡಿನಲ್ಲೇ ಇತ್ತು. ಕಾವಲಿನವರಿಗೆ ಅದು ಬರೀ ರಾಗ. 1816ರ ಸೆಪ್ಟೆಂಬರ್ 12ರಂದು ತ್ರ್ಯಂಬಕಜಿ ಪರಾರಿ! 1818ರಲ್ಲಿ ಮತ್ತೆ ಸಿಕ್ಕಿಬಿದ್ದು, ಕಾಶಿಯ ಹತ್ತಿರದ ಚುನಾರ್ ಕೋಟೆ ಸೇರಿದನೆನ್ನಿ.

ಇದನ್ನು ಕೇಳಿ ಭಾವನವರಿಗೆ ಹುರುಪು ಬಂದಿತು. "ಹಂಗಾದ್ರ ನಾವೂ ಕನ್ನಡದಾಗ ಒಂದು ಹಾಡು ಹಾಡಿ ಯಾರನ್ನಾದ್ರೂ ಬಿಡಿಸೋಣೇನು?" ಎಂದು ಗಟ್ಟಿಯಾಗಿಯೇ ಕೇಳಿದರು. ಪರಊರಿನಲ್ಲಿ ಕನ್ನಡ ಯಾರಿಗೂ ತಿಳಿಯದೆಂಬ ಧೈರ್ಯ ನಮ್ಮವರಿಗೆಲ್ಲ ಇದ್ದದ್ದೇ.

ಬಾಗಿಲ ಬಳಿಯ ಪೊಲೀಸಿನವನು ತಿರುಗಿ, "ಹಾಡಬ್ಯಾಡ್ರಿ ಸಾಹೇಬ್ರ, ನಂದು ಅಕ್ಕಲಕೋಟ" ಎಂದ! ಭಾವನವರ ಮುಖ ನೋಡಬೇಕಿತ್ತು. ಅವನೇ ನಗುತ್ತ ಮುಂದುವರಿಸಿದ: "ಓಡಿಹೋದಾವನ ಕಥಿ ಹೇಳಿದ್ರಿ. ಓಡದಾವ್ರ ಕಥಿ?"

ನಾನು ಅದನ್ನು ಬಿಟ್ಟೇಬಿಟ್ಟಿದ್ದೆ. 1909ರ ಡಿಸೆಂಬರ್ 21ರಂದು ನಾಸಿಕದ ನಾಟಕ ಗೃಹದಲ್ಲಿ ಕಲೆಕ್ಟರ್ ಜಾಕ್ಸನ್ನನನ್ನು ಗುಂಡಿಟ್ಟು ಕೊಂದ ಅನಂತ ಕಾನ್ಹೇರೆ, ಜೊತೆಗೆ ಕರ್ವೆ, ದೇಶಪಾಂಡೆ, ಈ ಮೂವರನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಈ ಗೋಡೆಯ ಒಳಗೆ. ಕಾನ್ಹೇರೆಗೆ ಇಪ್ಪತ್ತೂ ತುಂಬಿರಲಿಲ್ಲ. ಅಂದಿನ ನಾಟಕ 'ಶಾರದಾ', ಆಡಿದವರು ಕಿರ್ಲೋಸ್ಕರ ಮಂಡಳಿ. ಆ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು.

"ನಮ್ಮ ಗುರ್ಲಹೊಸೂರೇನು?" ಎಂದಷ್ಟೆ ಕೇಳಿದರು ಭಾವನವರು. ಅವರ ಮಗನಿಗೂ ಈಗ ಹತ್ತೊಂಬತ್ತು. ಸ್ಟೇಷನ್ನಿನವರೆಗೆ ಮತ್ತೆ ಮಾತನಾಡಲಿಲ್ಲ.