ಗಡುಸು ಮತ್ತು ಸಡಿಲು

ಸಿಂಗಸಂದ್ರದಲ್ಲಿ ಹೊಸೂರು ರಸ್ತೆಯ ಬದಿಗೆ ನೀರಿನ ಪೈಪು, ನಲ್ಲಿ, ಬೋಲ್ಟುಗಳ ವ್ಯಾಪಾರ ಮಾಡಿಕೊಂಡಿದ್ದ ಹಿರಿಯರೊಬ್ಬರ ಬಳಿ ಅವರ ತಂದೆಯ ಕಾಲದ ಸ್ಟಾಂಡರ್ಡ್ ಹೆರಾಲ್ಡ್ ಕಾರೊಂದಿತ್ತು. ಮದರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯು 1961ರಿಂದ ತಯಾರಿಸಿದ ಈ ವಾಹನ ಸಂಸಾರಸ್ಥರ ಬಂಡಿಯೇ ಹೊರತು ಪಂದ್ಯದ ಕುದುರೆಯಲ್ಲ. ಆದರೂ ಇಂಗ್ಲೆಂಡಿನ ಪ್ರಸಿದ್ಧ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್ 1962ರಲ್ಲಿ ರೂಪುಗೊಂಡದ್ದು ಹೆರಾಲ್ಡಿನ ಚಾಸಿಯನ್ನೇ ಮೊಟಕುಗೊಳಿಸಿ. ಎರಡಕ್ಕೂ ಆಕಾರ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ಗೇರ್‌ಬಾಕ್ಸೂ ಒಂದೇ ಕುಲದ್ದು. ಆದುದರಿಂದ ಸ್ಪಿಟ್‌ಫೈರ್ ಇಟ್ಟುಕೊಂಡವರನ್ನು ಕಾಡುವ ಗೇರಿನ ವ್ಯಾಧಿಗಳು ಹೆರಾಲ್ಡಿನವರನ್ನೂ ಬಿಟ್ಟಿಲ್ಲ.

ಹೊಸೂರು ರಸ್ತೆಗೆ 2010ರಲ್ಲಿ ಮೇಲ್ಸೇತುವೆಯೂ 2025ರ ಆಗಸ್ಟಿನಲ್ಲಿ ಮೆಟ್ರೊ ರೈಲೂ ಬಂದವಾದರೂ ಕೆಳಗಿನ ರಸ್ತೆಯಲ್ಲಿ ನಿಂತು ನಿಂತು ಸಾಗುವ ಪಾಡು ತಪ್ಪಲಿಲ್ಲ. ಹೆರಾಲ್ಡಿನ ಮೊದಲನೆಯ ಗೇರಿಗೆ ಸಿಂಕ್ರೊ ಉಂಗುರವಿಲ್ಲ, ಅಂದರೆ ಸುತ್ತುತ್ತಿರುವ ಎರಡು ಚಕ್ರಗಳ ವೇಗವನ್ನು ಸರಿದೂಗಿಸುವ ಹಿತ್ತಾಳೆಯ ಬಳೆಯಿಲ್ಲ. ಕಾರು ಪೂರ್ತಿ ನಿಂತ ಮೇಲೆಯೇ ಅದನ್ನು ಹಾಕಬೇಕು. ಅರವತ್ತು ದಾಟಿದ ಮೊಣಕಾಲಿಗೆ ಇದು ಒಗ್ಗದೆ ಯಜಮಾನರು ಕಾರನ್ನು ಮಾರಲು ನಿಶ್ಚಯಿಸಿದರು. ಆಗ ಗೇರ್ ಲಿವರ್ ಗಂಜಿಯಲ್ಲಿಟ್ಟ ಸೌಟಿನಂತೆ ಓಲಾಡುತ್ತಿತ್ತು, ಗೇರ್‌ಬಾಕ್ಸ್ ಗುಂಯ್‌ಗುಡುತ್ತಿತ್ತು.

ಗಿರಾಕಿಯನ್ನು ತಂದ ದಲ್ಲಾಳಿ ಬಲು ಚುರುಕು. ಲಿವರಿನ ರಬ್ಬರ್ ಹೊದಿಕೆಯೊಳಗೆ ಸೈಕಲ್ ಟ್ಯೂಬಿನ ತುಂಡನ್ನು ಬಿಗಿಯಾಗಿ ಸುತ್ತಿಸಿದ. ಇದ್ದ ಎಣ್ಣೆಯನ್ನು ತೆಗೆಸಿ 140ರ ಮಂದವಾದ ಎಣ್ಣೆಯನ್ನು ತುಂಬಿಸಿದ. ಓಲಾಟ ನಿಂತಿತು, ಸದ್ದಡಗಿತು. ಯಜಮಾನರು ಅಲ್ಲಿಯೇ ನಿಂತು ನೋಡುತ್ತಿದ್ದರು, ಬೇಡವೆನ್ನಲಿಲ್ಲ. ಬಿಸಿಲಿನ ಸಂಜೆ ಕಾರನ್ನು ಓಡಿಸಿ ನೋಡಿದ ಎಲೆಕ್ಟ್ರಾನಿಕ್ ಸಿಟಿಯ ತರುಣ ಸಂತೋಷದಿಂದ ಮುಂಗಡ ಕೊಟ್ಟುಹೋದ.

ಮರುದಿನದ ಚಳಿಯಲ್ಲಿ ಲಿವರ್ ಮಿಸುಕಲೊಲ್ಲದು. ಮಂದ ಎಣ್ಣೆಯೂ ಟ್ಯೂಬಿನ ಹಿಡಿತವೂ ಸೇರಿ ಸಡಿಲನ್ನು ಗಡುಸಾಗಿ ಮಾರ್ಪಡಿಸಿದ್ದವು. ನಲವತ್ತು ವರ್ಷ ತಕ್ಕಡಿ ಹಿಡಿದ ಕೈ ಆ ಲಿವರಿನ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿತ್ತು. ಕೊನೆಗೆ ಅವರು ತರುಣನಿಗೂ, ಹಳೆಯ ಕಾರುಗಳ ಮೇಸ್ತ್ರಿಯೊಬ್ಬರಿಗೂ ಹೇಳಿಕಳುಹಿಸಿದರು.

"ನಿನ್ನೆ ನಿಮಗೆ ತೋರಿಸಿದ್ದು ಈ ಕಾರಲ್ಲಪ್ಪ. ಈಗ ನಿಮ್ಮೆದುರಿಗೇ ಬಿಚ್ಚಿಸುತ್ತೇನೆ," ಎಂದರು ಯಜಮಾನರು. ತರುಣನ ಮುಖ ಸಣ್ಣದಾಯಿತು.

ಮೇಸ್ತ್ರಿ ಟ್ಯೂಬನ್ನು ಕಿತ್ತೆಸೆದು, ಎಣ್ಣೆ ಬಸಿದು, ಜಿಎಲ್-4 ದರ್ಜೆಯ 90ರ ಎಣ್ಣೆ ಹಾಕಿದರು. ಹಿಡಿಸುವುದು ಒಂದು ಲೀಟರಿಗೂ ಕಡಿಮೆ. (ಐದು ನಾಲ್ಕಕ್ಕಿಂತ ದೊಡ್ಡದೆಂದು ಜಿಎಲ್-5 ಕೊಳ್ಳುವವರುಂಟು, ಅದರಲ್ಲಿನ ಗಂಧಕದ ಅಂಶ ಹಿತ್ತಾಳೆಯ ಉಂಗುರಗಳನ್ನು ತಿನ್ನಬಹುದು.) ಅನಂತರ ಇಂಜಿನ್ ಓಡಿಸದೆಯೇ ನಾಲ್ಕೂ ಗೇರುಗಳನ್ನು ಹಾಕಿ ನೋಡಿದರು. ಎಲ್ಲವೂ ಸಲೀಸಾಗಿ ಬಿದ್ದವು. ಇಂಜಿನ್ ಓಡುವಾಗ ಮಾತ್ರ ಮೊದಲನೆಯದೂ ರಿವರ್ಸೂ ಕರಕರನೆ ಕಿರುಚಿದವು.

"ಯಜಮಾನರೇ, ಗಡುಸಿನ ಮೂಲ ಗೇರ್‌ಬಾಕ್ಸಿನಲ್ಲಿಲ್ಲ, ಕ್ಲಚ್ಚಿನಲ್ಲಿದೆ. ಪೆಡಲನ್ನು ನಾಲ್ಕು ಸಲ ಒತ್ತಿ ಆಮೇಲೆ ಹಾಕಿ ನೋಡಿ."

ಹಾಗೆ ಒತ್ತಿದಾಗ ಗೇರು ಮೆತ್ತಗೆ ಕೂತಿತು. ಕ್ಲಚ್ಚಿನ ಎಣ್ಣೆಯ ನಾಳದಲ್ಲಿ ಗಾಳಿ ಸೇರಿತ್ತು. ಸ್ಲೇವ್ ಸಿಲಿಂಡರಿನ ರಬ್ಬರ್ ಸೀಲು ಸವೆದು ಒಸರುತ್ತಿತ್ತು. ಪೆಡಲನ್ನು ಪೂರ್ತಿ ತುಳಿದರೂ ಕ್ಲಚ್ಚು ಇಂಜಿನ್ನಿನ ಕೈಯನ್ನು ಬಿಡದಿದ್ದರೆ ಗೇರು ಕೂರುವುದಾದರೂ ಹೇಗೆ? ಇದನ್ನರಿಯದೆ ಗೇರ್‌ಬಾಕ್ಸನ್ನೇ ಇಳಿಸಿ ಸಾವಿರಾರು ರೂಪಾಯಿಗಳ ಪಟ್ಟಿ ಕೊಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಸಡಿಲಿನ ಕಾರಣವೇ ಬೇರೆ. ಹೆರಾಲ್ಡಿನಲ್ಲಿ ಲಿವರ್ ನೇರವಾಗಿ ಗೇರುಗಳ ಮೇಲೆ ಕೂರುವುದಿಲ್ಲ. ಹಿಂದಕ್ಕೆ ಚಾಚಿದ ತೋಳೊಂದರ ತುದಿಯಲ್ಲಿದ್ದು, ಒಂದು ದಂಡದ ಮೂಲಕ ತನ್ನ ಚಲನೆಯನ್ನು ಮುಂದಕ್ಕೆ ಸಾಗಿಸುತ್ತದೆ. ಆ ಕೀಲುಗಳಲ್ಲಿನ ಸಣ್ಣ ಬುಶ್ಶುಗಳು ಸವೆದರೆ ಕೂದಲೆಳೆಯಷ್ಟು ಸಂದು ಲಿವರಿನ ತಲೆಯಲ್ಲಿ ಗೇಣುದ್ದದ ಓಲಾಟವಾಗುತ್ತದೆ. ಒಳ್ಳೆಯದೆಂದರೆ, ಮುಂದಿನ ಎರಡು ಸೀಟುಗಳ ನಡುವಿನ ಮುಚ್ಚಳವನ್ನು ತೆಗೆದರೆ ಇದೆಲ್ಲ ಕಾರಿನೊಳಗಿಂದಲೇ ಕೈಗೆ ಸಿಗುತ್ತದೆ, ಗೇರ್‌ಬಾಕ್ಸನ್ನು ಇಳಿಸಬೇಕಾಗಿಲ್ಲ. ಮೇಸ್ತ್ರಿ ಹಳೆಯ ಬುಶ್ಶುಗಳ ಅಳತೆ ಹಿಡಿದು, ಹತ್ತಿರದ ಲೇತ್ ಅಂಗಡಿಯಲ್ಲಿ ನೈಲಾನ್ ಸರಳಿನಿಂದ ಹೊಸವನ್ನು ತಿರುಗಿಸಿ ತಂದರು. ಎಣ್ಣೆ ಕುಡಿದು ಮೆತ್ತಗಾಗಿದ್ದ ಗೇರ್‌ಬಾಕ್ಸ್ ಮೌಂಟಿಂಗನ್ನೂ ಬದಲಿಸಿದರು, ಏಕೆಂದರೆ ಪೆಟ್ಟಿಗೆಯೇ ಅಲುಗಿದರೆ ಬುಶ್ಶೊಂದೇ ಏನು ಮಾಡೀತು!

ಇಷ್ಟಾದ ಮೇಲೂ ಒಂದು ದೋಷ ಉಳಿಯಿತು. ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಕಿರುಗುಟ್ಟುತ್ತಿತ್ತು, ಬೇರೆಲ್ಲಿಯೂ ಇಲ್ಲ. ಸದ್ದು ಒಂದೇ ಗೇರಿನಲ್ಲಾದರೆ ಅದು ಕ್ಲಚ್ಚಿನದಲ್ಲ, ಆ ಗೇರಿನ ಸಿಂಕ್ರೊ ಉಂಗುರದ್ದು. ಮಂದ ಎಣ್ಣೆ ಮುಚ್ಚಿಟ್ಟಿದ್ದ ಗುಂಯ್‌ಗುಡುವಿಕೆ ಬೇರಿಂಗಿನದು. ಇವೆರಡಕ್ಕೆ ಗೇರ್‌ಬಾಕ್ಸನ್ನು ಬಿಚ್ಚಲೇಬೇಕು. ಮೇಸ್ತ್ರಿ ಖರ್ಚಿನ ಅಂದಾಜು ಹೇಳಿದರು. ಯಜಮಾನರು ಅಷ್ಟನ್ನೂ ಬೆಲೆಯಲ್ಲಿ ಕಳೆದು, "ಬೇಡವೆಂದರೆ ಮುಂಗಡ ಇಲ್ಲಿದೆ, ತೆಗೆದುಕೊಳ್ಳಿ," ಎಂದು ನೋಟುಗಳನ್ನು ಮೇಜಿನ ಮೇಲಿಟ್ಟರು.

ತರುಣ ಎರಡು ದಿನ ಯೋಚಿಸಿ ಬಂದ. ದಲ್ಲಾಳಿಗೆ ಮೊದಲು ಮಾತಾಡಿದ ಬೆಲೆಯ ಮೇಲೆಯೇ ಕಮಿಷನ್ ಸಂದಿತು. ಮನೆಯವರು ಆಕ್ಷೇಪಿಸಿದಾಗ ಯಜಮಾನರು, "ಅವನು ಮಾಡುವಾಗ ನಾನೂ ಅಲ್ಲಿದ್ದೆ," ಎಂದಷ್ಟೇ ಹೇಳಿದರು.

ಉಂಗುರ ದೊರೆಯುವವರೆಗೆ ಹೇಗೆ ನಡೆಸಬೇಕೆಂಬುದನ್ನು ಮೇಸ್ತ್ರಿ ತರುಣನ ಪಕ್ಕದಲ್ಲಿ ಕುಳಿತು ಕಲಿಸಿದರು: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರುವುದು, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ತುಸು ತುಳಿಯುವುದು, ಮತ್ತೆ ಕ್ಲಚ್ ಒತ್ತಿ ಎರಡನೆಯದಕ್ಕೆ ಇಳಿಸುವುದು. ಮೊದಲೆರಡು ಸಲ ಕಿರುಚಿತು. ಮೆಟ್ರೊ ನಿಲ್ದಾಣದ ಬಳಿ ಮೂರನೆಯ ಸಲಕ್ಕೆ ಸದ್ದಿಲ್ಲದೆ ಬಿತ್ತು.