ದೀಪವಾರುವ ಮುನ್ನ ಎಣಿಸಿದ ಚಾಪೆಗಳು

ಮಳೆಗಾಲ ಹಿಡಿಯುತ್ತಲೇ ನಮ್ಮ ಬಯಲುಸೀಮೆಯ ಮನೆಗಳಿಂದ ಮಕ್ಕಳು ಘಟ್ಟವಿಳಿದು ಕರಾವಳಿಗೆ ವಿದ್ಯಾರ್ಜನೆಗಾಗಿ ಹೊರಡುತ್ತಾರೆ. ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದಲ್ಲಿ 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿದ ಮೇಲೆ ಈ ಹಾದಿ ತೆರೆಯಿತು. 1986ರಲ್ಲಿ ಕಾರ್ಕಳ ತಾಲ್ಲೂಕಿನ ನಿಟ್ಟೆಯೂ ಅದಕ್ಕೆ ಸೇರಿತು. ಧಾರವಾಡ, ಹಾವೇರಿ, ದಾವಣಗೆರೆಗಳ ಪಾಲಕರು ಶುಲ್ಕವನ್ನು ವಿಚಾರಿಸುತ್ತಾರೆ. ಸಸ್ಯಾಹಾರ ದೊರೆಯುವುದೇ, ಇಷ್ಟಲಿಂಗ ಪೂಜೆಗೆ ಮೂಲೆಯೊಂದು ಸಿಗುವುದೇ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ ಅವು. ಆದರೆ ರಾತ್ರಿ ಆ ಕಟ್ಟಡದಲ್ಲಿ ಮಲಗುವವರು ಎಷ್ಟು ಮಂದಿ, ಅವರೆಲ್ಲರ ಹೆಸರೂ ಪುಸ್ತಕದಲ್ಲಿದೆಯೇ ಎಂದು ಕೇಳಿದ ಪಾಲಕರನ್ನು ನಾನು ಕಂಡದ್ದು ವಿರಳ.

ನಾನು ಬೆಳೆದದ್ದು ಮಠದ ಉಚಿತ ಪ್ರಸಾದ ನಿಲಯದಲ್ಲಿ. ಅಲ್ಲಿ ಪಂಕ್ತಿಯಲ್ಲಿ ಕುಳಿತವನ ಊರು, ಕುಲ ಕೇಳುವಂತಿರಲಿಲ್ಲ. ಹಸಿದು ಬಂದವನಿಗೆ ಮೊದಲು ಪ್ರಸಾದ, ಮಾತೆಲ್ಲ ಆಮೇಲೆ. ಆದರೆ ಮಲಗುವ ವಿಷಯದಲ್ಲಿ ಕಾರ್ಯಸ್ಥರು ಬಹಳ ಕಟ್ಟುನಿಟ್ಟು. ದೀಪವಾರಿಸುವ ಮುನ್ನ ಹಿರಿಯ ವಿದ್ಯಾರ್ಥಿಯೊಬ್ಬ ಚಾಪೆಗಳನ್ನು ಎಣಿಸಬೇಕು. ಹೊರಗಿನವರು ಇದ್ದರೆ ಹೆಸರು, ಊರು, ಯಾರ ಕಡೆಯವರು ಎಂಬುದನ್ನು ಬರೆದಿಡಬೇಕು. ಹುಡುಗರಾದ ನಮಗೆ ಇದು ಜಿಪುಣತನದಂತೆ ತೋರುತ್ತಿತ್ತು. ಒಂದು ಶ್ರಾವಣದ ಮಳೆಯಲ್ಲಿ ಹಳೆಯ ಮಣ್ಣಿನ ಗೋಡೆ ಕುಸಿಯಿತು. ಕಂದೀಲು ಹಿಡಿದ ಕಾರ್ಯಸ್ಥರು ಆ ಪುಸ್ತಕ ನೋಡಿ ಹೆಸರು ಕೂಗಿದರು. ಎಲ್ಲರೂ ಓಗೊಟ್ಟರು, ಒಬ್ಬನನ್ನು ಬಿಟ್ಟು. ಅವನು ಅಂದು ಸಂಜೆ ಬಂದಿದ್ದ ಅತಿಥಿ. ಮಣ್ಣು ಸರಿಸಿ ಅವನನ್ನು ಜೀವಸಹಿತ ತೆಗೆದರು. ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಅವನನ್ನು ಹುಡುಕುವವರೇ ಇರುತ್ತಿರಲಿಲ್ಲ.

ಲೋಕದ ದೊಡ್ಡ ವಿಶ್ವವಿದ್ಯಾಲಯಗಳೂ ಇಂಥ ರಾತ್ರಿಯನ್ನು ಕಂಡಿವೆ. 2003ರ ನವೆಂಬರಿನಲ್ಲಿ ಮಾಸ್ಕೋದ ಜನಮೈತ್ರಿ ವಿಶ್ವವಿದ್ಯಾಲಯದ ವಸತಿ ನಿಲಯಕ್ಕೆ ಬೆಂಕಿ ಬಿದ್ದು, ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ತೀರಿಕೊಂಡರು. ಅವರಲ್ಲಿ ಬಹಳ ಮಂದಿ ಆಗಷ್ಟೇ ಪರದೇಶಗಳಿಂದ ಬಂದವರು.

ಕಳೆದ ವರ್ಷ ನಮ್ಮ ಮನೆಯಲ್ಲೇ ಈ ವಿಷಯ ಎದ್ದಿತು. ನನ್ನ ತಂಗಿಯ ಮೊಮ್ಮಗಳು ಉಡುಪಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಓದುತ್ತಾಳೆ. ಕಾಲೇಜಿನ ಹೆಸರು ಬೇಡ. ನಾನು ಅಲ್ಲಿಗೆ ಹೋಗಿದ್ದಾಗ ಅವಳು ನನ್ನನ್ನು ಕಾಪುವಿಗೆ ಕರೆದೊಯ್ದಳು. 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಯ ಕೆಳಗೆ ಕುಳಿತೆವು. ಅವಳು ಸಮುದ್ರ ನೋಡುತ್ತಲೇ ಹೇಳಿದಳು: "ಅಜ್ಜಾ, ನಮ್ಮ ಖೋಲಿಯೊಳಗ ಇಬ್ಬರಲ್ಲ, ಮೂವರು ಅದೀವಿ. ಹನ್ನೆರಡು ದಿನ ಆತು. ಹೇಳಿದರ ಗೆಳತಿ ಹೋಗ್ತಾಳ, ಹೇಳದಿದ್ದರ ನನಗ ನಿದ್ದಿ ಬರವಲ್ದು."

ಮೂರನೆಯವಳು ಗೆಳತಿಯ ಸೋದರತ್ತೆಯ ಮಗಳು. ವಯಸ್ಸು ಹದಿನೇಳು. ಮನೆಯಲ್ಲಿ ಮದುವೆ ಗೊತ್ತುಮಾಡಿದ್ದರಿಂದ ಬಸ್ಸು ಹತ್ತಿ ಬಂದಿದ್ದಳು. ಹಗಲೆಲ್ಲ ಬಾಗಿಲು ಹಾಕಿಕೊಂಡು ಕೋಣೆಯಲ್ಲಿರುವುದು, ಇಬ್ಬರ ಊಟದಲ್ಲಿ ಮೂವರು ಉಣ್ಣುವುದು ನಡೆದಿತ್ತು. ಕಾವಲುಗಾರನಿಗೆ ತಿಳಿದಿತ್ತೋ ಇಲ್ಲವೋ, ಆತ ಸುಮ್ಮನಿದ್ದ.

ನಿಯಮ ಮುರಿದವಳ ದೂರು ಕೊಡು ಎಂದು ಹೇಳಿಬಿಡುವುದು ಸುಲಭ. ಆದರೆ ಈ ಮಗು ಕಳ್ಳಿಯಲ್ಲ, ಆಶ್ರಯ ಬೇಡಿ ಬಂದವಳು. ದಾಸೋಹವನ್ನು ಕೊಂಡಾಡುವ ನಾವು ಅವಳನ್ನು ಹಿಡಿದುಕೊಡಬೇಕೇ ಎಂಬ ಅಳುಕು ನನ್ನ ಮೊಮ್ಮಗಳದು. ನಾನು ಅವಳಿಗೆ ಕೇಳಿದ್ದು ಒಂದೇ: "ಅವಳಿಗೆ ಈ ರಾತ್ರಿ ಜ್ವರ ಏರಿದರ ಆಸ್ಪತ್ರಿಯೊಳಗ ಯಾರ ಹೆಸರು ಬರಸ್ತೀ?" ಅವಳು ಉತ್ತರ ಕೊಡಲಿಲ್ಲ. ಬಚ್ಚಿಟ್ಟ ಅತಿಥಿ ಆ ಮನೆಯಲ್ಲಿ ಇಲ್ಲದವಳೇ. ಅವಳಿಗೆ ವೈದ್ಯರಿಲ್ಲ, ಕಾವಲಿಲ್ಲ; ಯಾರಾದರೂ ಹೆದರಿಸಿದರೆ ದೂರಲು ಬಾಯಿಯೂ ಇಲ್ಲ. ಇತ್ತ ತಂದೆತಾಯಿಗಳು ಕಾಣೆಯಾದ ದೂರು ಕೊಟ್ಟಿದ್ದರೆ ಮೊದಲು ಸಿಕ್ಕಿಬೀಳುವವರು ಅವಳನ್ನು ಕಾಪಾಡಿದ ಇಬ್ಬರು ಹುಡುಗಿಯರೇ.

ಹಾಗಾದರೆ ಯಾರಿಗೆ ಹೇಳಬೇಕು? ಮೊದಲು ಗೆಳತಿಗೇ. ನಾಳೆ ಇಬ್ಬರೂ ಕೂಡಿ ವಾರ್ಡನ್ನರ ಬಳಿಗೆ ಹೋಗೋಣ, ನೀನು ಬಾರದಿದ್ದರೆ ನಾನೊಬ್ಬಳೇ ಹೋಗುವೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಬೆನ್ನ ಹಿಂದೆ ಉಸುರಿದರೆ ಅದು ಚಾಡಿ. ಮೊಮ್ಮಗಳು ಹಾಗೆಯೇ ಮಾಡಿದಳು. ಗೆಳತಿ ಅತ್ತಳು, ಬೈದಳು, ಕೊನೆಗೆ ಜೊತೆಗೆ ಹೋದಳು. ವಾರ್ಡನ್ ತಿಳಿದ ಹೆಂಗಸು. ಬಾಗಿಲಾಚೆಗೆ ನೂಕದೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ಮಾಡಿಕೊಂಡ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಅದನ್ನು ಅಧಿಕಾರಿಗಳ ಬಾಯಿಂದ ಕೇಳಿದ ಮೇಲೆ ಮನೆಯವರು ಹಿಂದೆಗೆದರು. ಹುಡುಗಿ ಪಿಯುಸಿ ಪರೀಕ್ಷೆಗೆ ಕುಳಿತಳು. ಗೆಳತಿಯರಿಬ್ಬರ ನಡುವೆ ಮೊದಲಿನ ಸಲಿಗೆ ಇನ್ನೂ ಮರಳಿಲ್ಲ.

ವಾರ್ಡನ್ ಕೇಳದಂಥವರಾಗಿದ್ದರೆ ಏನು ಗತಿ ಎಂದು ಪಾಲಕರು ಕೇಳಬಹುದು. ಅದಕ್ಕೆಂದೇ ಈಗ ಬೇರೆ ಬಾಗಿಲುಗಳಿವೆ. 2009ರ ಮಾರ್ಚಿನಲ್ಲಿ ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಸತ್ತ ವರ್ಷವೇ ವಿಶ್ವವಿದ್ಯಾಲಯ ಅನುದಾನ ಆಯೋಗವು ರ‍್ಯಾಗಿಂಗ್ ತಡೆಗೆ ನಿಯಮಗಳನ್ನು ಹೊರಡಿಸಿತು. ವಾರ್ಡನ್ ಎಲ್ಲ ಹೊತ್ತಿನಲ್ಲೂ ದೊರೆಯಬೇಕು. ಕ್ಯಾಂಪಸ್ಸಿನ ಹೊರಗಿನ ಖಾಸಗಿ ವಸತಿ ನಿಲಯಗಳು ಪೊಲೀಸರಲ್ಲಿ ನೋಂದಣಿಯಾಗಬೇಕು ಎಂಬುದು ಅದರಲ್ಲಿದೆ. ರ‍್ಯಾಗಿಂಗ್ ದೂರಿಗೆ 1800-180-5522, ಹೆಣ್ಣುಮಕ್ಕಳಿಗೆ 181. ಈ ಸಂಖ್ಯೆಗಳನ್ನು ಮಕ್ಕಳ ಪೆಟ್ಟಿಗೆಯಲ್ಲಿ ವಿಭೂತಿಗಟ್ಟಿಯ ಜೊತೆಗೆ ಬರೆದಿಡಿರಿ.

ಪೇಯಿಂಗ್ ಗೆಸ್ಟ್ ಮನೆಗಳ ಕಥೆ ಇನ್ನೂ ಸಡಿಲ. 2024ರ ಜುಲೈಯಲ್ಲಿ ಬೆಂಗಳೂರಿನ ಕೋರಮಂಗಲದ ಅಂಥದೊಂದು ಮನೆಗೆ ರಾತ್ರಿ ಹೊರಗಿನವನೊಬ್ಬ ನುಗ್ಗಿ, ಬಿಹಾರದಿಂದ ಬಂದಿದ್ದ ಯುವತಿಯನ್ನು ಕೊಂದ. ಅದಾದ ಮೇಲೆ ನಗರಪಾಲಿಕೆ ನಿಯಮಗಳನ್ನು ಬಿಗಿಗೊಳಿಸಿತು: ಬಾಗಿಲಲ್ಲಿ ಕ್ಯಾಮೆರಾ, ಹಗಲಿರುಳು ಕಾವಲು, ತಲೆಗೆ ಕನಿಷ್ಠ 70 ಚದರಡಿ ಜಾಗ. ಒಂದು ಹಾಸಿಗೆ ಹೆಚ್ಚಿದರೆ ಒಬ್ಬರ ಉಸಿರಾಟದ ಜಾಗ ಕಡಿಮೆಯಾಯಿತೆಂದೇ ಲೆಕ್ಕ.

ಇಲ್ಲಿ ಒಂದು ಎಚ್ಚರಿಕೆಯ ಮಾತು. 2024ರ ಅಕ್ಟೋಬರಿನಲ್ಲಿ ಮಲ್ಪೆಯ ಸಮೀಪ ನಕಲಿ ದಾಖಲೆಗಳೊಡನೆ ನೆಲೆಸಿದ್ದ ಬಾಂಗ್ಲಾದೇಶೀಯರನ್ನು ಪೊಲೀಸರು ಬಂಧಿಸಿದರು. ವಿದೇಶೀಯರಿಗೆ ವಸತಿ ಕೊಟ್ಟವರು 24 ಗಂಟೆಯೊಳಗೆ ತಿಳಿಸಬೇಕೆಂಬ ಕಟ್ಟಳೆ ಹಿಂದಿನಿಂದಲೂ ಇತ್ತು. 2025ರ ಹೊಸ ಕಾಯ್ದೆಯು ವಸತಿ ಕೊಡುವವರ ಜೊತೆಗೆ ವಿದ್ಯಾಸಂಸ್ಥೆ, ಆಸ್ಪತ್ರೆಗಳಿಗೂ ಮಾಹಿತಿ ಕೊಡುವ ಹೊಣೆ ಹೊರಿಸಿದೆ. ಆದರೆ ಕಣ್ಣು ಮೂಗಿನ ಆಕಾರ ನೋಡಿ ಮಣಿಪುರದ ಹುಡುಗನನ್ನೋ ಅಸ್ಸಾಮಿನ ಕೂಲಿಯನ್ನೋ ಪರದೇಶಿಯೆಂದು ಠಾಣೆಗೆ ಹೇಳುವುದು ಆ ಹೊಣೆಯಲ್ಲ. ಮುಖಕ್ಕೆ ಅಲ್ಲಿ ಕೆಲಸವಿಲ್ಲ. ಎಲ್ಲರ ಹೆಸರೂ ಒಂದೇ ಪುಸ್ತಕದಲ್ಲಿ, ಒಂದೇ ರೀತಿ ಬರೆಯಲ್ಪಡಬೇಕು.

ಕರಾವಳಿಯಲ್ಲಿ ಅನೇಕ ಮನೆಗಳ ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಕೆಳಗೆ ವಯಸ್ಸಾದ ತಾಯಿ, ಮೇಲೆ ಬಾಡಿಗೆಯ ವಿದ್ಯಾರ್ಥಿಗಳು. ಕಾರ್ಕಳದ ಬಳಿ ಅಂಥ ಒಬ್ಬ ಅಮ್ಮನ ಮನೆಯಲ್ಲಿ ನಾನು ಒಂದು ರಾತ್ರಿ ತಂಗಿದ್ದೆ. ಅವರು ಗೋಡೆಯ ಪಂಚಾಂಗವನ್ನು ಇಳಿಸಿ, ಅಂದಿನ ತಾರೀಖಿನ ಕೆಳಗೆ ನನ್ನ ಹೆಸರು ಬರೆದರು. ಹಿಂದಿನ ಹಾಳೆಗಳಲ್ಲಿ ಮೇಲ್ಮಹಡಿಯ ಹುಡುಗರ ಗೆಳೆಯರು, ಅಣ್ಣಂದಿರು, ಪರೀಕ್ಷೆಗೆ ಬಂದವರು ಎಲ್ಲರೂ ಇದ್ದರು; ಕೆಲವರ ಹೆಸರಿನ ಮುಂದೆ "ಊಟ ಮಾಡಿಲ್ಲ" ಎಂದೂ ಇತ್ತು. ನನ್ನ ಊರಿನ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ತೋರಿಸಿ, ಚೀಲ ಒಳಗಿಡಲು ಹೇಳಿದರು.